ಲೈನ್ ಕ್ಲಿಯರ್ ಕೊಟ್ಟವರು, ಪಡೆದವರು

ಕರ್ನಾಟಕ ವಿದ್ಯುತ್ ಮಂಡಳಿಯಲ್ಲಿ ನನ್ನೊಡನೆ ದುಡಿದು ನಿವೃತ್ತರಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಈಗ ಇಲ್ಲ. ಒಬ್ಬೊಬ್ಬರೇ ತೀರಿಕೊಂಡ ಸುದ್ದಿ ವಾಟ್ಸಾಪ್‌ನಲ್ಲಿ ಬರುತ್ತದೆ. ಹೆಸರು, ಕೊನೆಯ ಹುದ್ದೆ, ನಿವೃತ್ತಿಯಾದ ವರ್ಷ, ಅಂತ್ಯಕ್ರಿಯೆ ನಡೆಯುವ ಸ್ಥಳ ಮತ್ತು ವೇಳೆ ಇಷ್ಟು ಅದರಲ್ಲಿರುತ್ತದೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬೆಳೆಯುತ್ತಾ ಹೋಗುತ್ತದೆ. ಸಂತಾಪ ಸೂಚಿಸುವವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ತೀರಿಕೊಂಡವರು ಮೂವತ್ತು, ಮೂವತ್ತೈದು ವರ್ಷ ನಿಜವಾಗಿ ಏನು ಕೆಲಸ ಮಾಡಿದರು ಎಂಬುದು ಆ ನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಅವರ ಕೆಲಸವನ್ನು ಪಕ್ಕಕ್ಕಿಟ್ಟು ಅವರನ್ನು ನೆನೆಯುವುದು ನನ್ನಿಂದ ಆಗದು. ಆದ್ದರಿಂದ ನನಗೆ ಹತ್ತಿರವಿದ್ದ ಮೂವರ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮನೆಯವರ ಅನುಮತಿ ಪಡೆಯದೆ ಹೆಸರುಗಳನ್ನು ಹಾಕುವುದು ಸರಿಯಲ್ಲವೆಂದು ಹೆಸರು ಬಿಟ್ಟಿದ್ದೇನೆ. ಇಲಾಖೆಯವರಿಗೆ ಗುರುತು ಸಿಕ್ಕರೆ ಸಂತೋಷ.

ನಾನು ಸೇರಿದಾಗ ನಮಗೆ ಕೆಲಸ ಕಲಿಸಿದ ಹಿರಿಯರು ಮೈಸೂರು ಸರ್ಕಾರದ ವಿದ್ಯುತ್ ಇಲಾಖೆಯ ಕಾಲದವರು. 1957ರ ಅಕ್ಟೋಬರ್ 1ರಂದು ಮಂಡಳಿ ರಚನೆಯಾದಾಗ ಅವರ ಸೇವೆ ಹಾಗೆಯೇ ಮಂಡಳಿಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ್ದನ್ನು ಅವರು ಸ್ವಂತ ಮನೆಯ ಹಿರಿಯರ ಸಾಧನೆಯೆಂಬಂತೆ ಹೇಳುತ್ತಿದ್ದರು. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾದುದನ್ನು ಕಣ್ಣಾರೆ ಕಂಡವರೂ ಅವರಲ್ಲಿದ್ದರು. ಲಿಂಗನಮಕ್ಕಿಯಲ್ಲಿ ನೀರು ನಿಂತು ಶರಾವತಿಯ ಘಟಕಗಳು ಒಂದೊಂದಾಗಿ ಚಾಲನೆಗೊಂಡ ಮೇಲೆ ಮಲೆನಾಡಿನ ಕಾಡು, ಗದ್ದೆ, ತೋಟಗಳ ಮೇಲೆ ತಂತಿ ಎಳೆದವರು ಈ ಪೀಳಿಗೆಯವರೇ. 1999ರ ಆಗಸ್ಟ್ 1ರಂದು ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಬಂದಿತು. 2002ರ ಜೂನ್ 1ರಿಂದ ವಿತರಣೆ ಬೇರೆಯಾಗಿ ನಮ್ಮ ಶಿವಮೊಗ್ಗ ಜಿಲ್ಲೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂ ಪಾಲಿಗೆ ಸೇರಿತು. ಹೀಗೆ ಲೆಟರ್‌ಹೆಡ್ ಎಷ್ಟು ಸಲ ಬದಲಾದರೂ ಊರಿನವರ ಬಾಯಲ್ಲಿ ನಾವು ಇಂದಿಗೂ ‘ಕೆಇಬಿಯವರು’.

ಮೊದಲು ನೆನಪಾಗುವವರು ಉಪಕೇಂದ್ರದ ಆಪರೇಟರ್. ಪಾಳಿಯಲ್ಲಿ ಕುಳಿತವರು ಗಂಟೆಗೊಮ್ಮೆ ವೋಲ್ಟೇಜ್, ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಶಾಖ ಎಲ್ಲವನ್ನೂ ಲಾಗ್ ಶೀಟಿನಲ್ಲಿ ಬರೆಯಬೇಕು. ಎಲ್ಲರೂ ಬರೆಯುತ್ತಿದ್ದರು. ಇವರು ಮಾತ್ರ ಗಂಟೆಗೊಮ್ಮೆ ಯಾರ್ಡಿಗೆ ಹೋಗಿ ನೋಡಿ ಬಂದು ಬರೆಯುತ್ತಿದ್ದರು. ಜೂನ್, ಜುಲೈ ತಿಂಗಳ ರಾತ್ರಿ ಎರಡು ಗಂಟೆಯಾಗಿದ್ದರೂ ಕೊಡೆ ಹಿಡಿದು ಹೋಗುತ್ತಿದ್ದರು. ಟ್ರಾನ್ಸ್‌ಫಾರ್ಮರಿಗೆ ಹೋಗುವ ಗಾಳಿಯ ತೇವ ತೆಗೆಯುವ ಬ್ರೀದರಿನ ಸಿಲಿಕಾ ಜೆಲ್ ನೀಲಿ ಬಣ್ಣ ಬಿಟ್ಟು ನಸುಗೆಂಪಿಗೆ ತಿರುಗಿದರೆ ಅದು ತೇವ ಹೀರಿದೆ ಎಂದರ್ಥ, ಹೆಚ್ಚು ದಿನ ಹಾಗೆಯೇ ಬಿಟ್ಟರೆ ಎಣ್ಣೆ ಕೆಡುತ್ತದೆ. ಬಣ್ಣ ತಿರುಗಲು ಆರಂಭವಾದ ದಿನವೇ ಅವರ ಪುಸ್ತಕದಲ್ಲಿ ಟಿಪ್ಪಣಿ ಇರುತ್ತಿತ್ತು. ಬ್ಯಾಟರಿ ಕೋಣೆಯಲ್ಲಿ ಒಂದೊಂದು ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ ನೋಡುವುದರಲ್ಲಿಯೂ ಅವರು ಒಂದು ದಿನ ತಪ್ಪಿದವರಲ್ಲ. ಆ ಬ್ಯಾಟರಿ ಸತ್ತರೆ, ಲೈನಿನಲ್ಲಿ ದೋಷ ಕಂಡಾಗ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಬೀಳುವುದಿಲ್ಲ. ಬ್ರೇಕರ್ ಬೀಳದಿದ್ದರೆ ಎಲ್ಲೋ ಗದ್ದೆಯ ಬದುವಿನಲ್ಲಿ ತುಂಡಾಗಿ ಬಿದ್ದ ತಂತಿಯಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ.

ಅವರ ಧ್ವನಿ ನನಗೆ ಇನ್ನೂ ಸ್ಪಷ್ಟವಾಗಿ ನೆನಪಿದೆ. ಅದಕ್ಕೆ ಕಾರಣ ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಲೈನಿನ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ. ಕಂಬ ಹತ್ತುವ ಮೊದಲು ಸೆಕ್ಷನ್ ಕಡೆಯವರು ಉಪಕೇಂದ್ರಕ್ಕೆ ಫೋನ್ ಮಾಡಿ ಯಾವ ಫೀಡರ್ (ಉಪಕೇಂದ್ರದಿಂದ ಹೊರಡುವ ಲೈನ್) ಬೇಕೆಂದು ಕೇಳಬೇಕು. ಆಪರೇಟರ್ ಬ್ರೇಕರ್ ತೆಗೆದು, ಲೈನನ್ನು ಬೇರ್ಪಡಿಸುವ ಐಸೊಲೇಟರ್ ಬಿಚ್ಚಿ, ಅರ್ಥ್ ಮಾಡಿ (ನೆಲಕ್ಕೆ ಜೋಡಿಸಿ), ರಿಜಿಸ್ಟರಿನಲ್ಲಿ ಬರೆದು ಎಲ್‌ಸಿ ನಂಬರ್ ಕೊಡುತ್ತಾರೆ. ಎಲ್‌ಸಿ ಪಡೆದವರೇ ಅದನ್ನು ಮರಳಿಸಬೇಕು. ಅಲ್ಲಿಯವರೆಗೆ ಎಂಥ ದೊಡ್ಡವರು ಹೇಳಿದರೂ ಲೈನ್ ಚಾರ್ಜ್ ಮಾಡುವಂತಿಲ್ಲ. ನಮ್ಮ ಆಪರೇಟರ್ ಫೀಡರಿನ ಹೆಸರನ್ನು ಎರಡು ಸಲ ಹೇಳಿಸುತ್ತಿದ್ದರು, ತಾವು ಒಂದು ಸಲ ಹೇಳುತ್ತಿದ್ದರು, ಆಮೇಲೆ ನಂಬರನ್ನು ಒಂದೊಂದೇ ಅಂಕಿಯಾಗಿ ಬಿಡಿಸಿ ಓದುತ್ತಿದ್ದರು. ಅವಸರದಲ್ಲಿದ್ದ ಹುಡುಗರು ಗೊಣಗಿದರೆ, “ಕಂಬದ ಮೇಲೆ ಇರುವವನು ನೀನು ಮಾರಾಯ, ನಾನಲ್ಲ. ಇನ್ನೊಮ್ಮೆ ಹೇಳು” ಎನ್ನುತ್ತಿದ್ದರು. ಅವರ ಮುಖವನ್ನೇ ನೋಡದೆ, ಆ ಧ್ವನಿಯೊಂದನ್ನೇ ನಂಬಿ ಕಂಬ ಹತ್ತಿದ ಲೈನ್‌ಮನ್‌ಗಳು ನಮ್ಮ ಉಪವಿಭಾಗದಲ್ಲಿ ಎಷ್ಟೋ ಜನರಿದ್ದರು. ಅವರು ತೀರಿಕೊಂಡಾಗ ದೂರದ ಸೆಕ್ಷನ್‌ಗಳಿಂದ ಬಂದ ಕೆಲವರು ಅವರ ಮುಖವನ್ನು ಮೊದಲ ಬಾರಿಗೆ ನೋಡಿದ್ದು ಅಂದೇ.

ಎರಡನೆಯವರು ನಮ್ಮ ಮೆಸ್ತ್ರಿ. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿ. ಗ್ಯಾಂಗಿಗೆ ಸೇರಿ ಗುಂಡಿ ತೆಗೆಯುವ ಕೆಲಸದಿಂದ ಮೇಲೆ ಬಂದವರು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿಯುವುದು ದಿನನಿತ್ಯದ ಮಾತು. ಅದು ಕಣ್ಣಿಗೆ ಕಾಣುವ ದೋಷವಾದ್ದರಿಂದ ಹೇಗೋ ಸರಿಮಾಡಬಹುದು. ಕಾಣದ ದೋಷವೆಂದರೆ ಪಂಕ್ಚರ್ ಆದ ಪಿನ್ ಇನ್ಸುಲೇಟರ್, ಅಂದರೆ ಕಂಬದ ಮೇಲೆ ತಂತಿಯನ್ನು ಹೊರುವ ಪಿಂಗಾಣಿ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಒಣ ಹವೆಯಲ್ಲಿ ಫೀಡರ್ ಚಾಲನೆಯಲ್ಲೇ ಇರುತ್ತದೆ, ಹನಿ ಬಿದ್ದ ಕೂಡಲೇ ಟ್ರಿಪ್ ಆಗುತ್ತದೆ. ಆಗ ದಾರಿಯ ನಡುವಿನ ಜಿಓಎಸ್ (ಕಂಬದ ಮೇಲಿನ ಸ್ವಿಚ್) ತೆಗೆದು ಅರ್ಧ ಲೈನ್ ಚಾರ್ಜ್ ಮಾಡಿ ನೋಡಬೇಕು, ಟ್ರಿಪ್ ಆಗದಿದ್ದರೆ ದೋಷ ಮುಂದಿನ ಅರ್ಧದಲ್ಲಿದೆ ಎಂದು ತಿಳಿದು ಅದನ್ನು ಮತ್ತೆ ಭಾಗ ಮಾಡಬೇಕು. ಕೊನೆಗೆ ಉಳಿದ ಹತ್ತಾರು ಕಂಬಗಳನ್ನು ಒಂದೊಂದಾಗಿ ಹತ್ತಿ ನೋಡಬೇಕು. ಮೆಸ್ತ್ರಿ ಹಗಲು ಹತ್ತಿಸುತ್ತಿರಲಿಲ್ಲ. ಸಂಜೆ ಕತ್ತಲಾಗುವವರೆಗೆ ಕಾದು, ಜಿಟಿಜಿಟಿ ಮಳೆಯಲ್ಲಿ ಟಾರ್ಚ್ ಆರಿಸಿಕೊಂಡು ಲೈನಿನ ಕೆಳಗೆ ನಡೆಯುತ್ತಿದ್ದರು. ಉಪಕೇಂದ್ರದವರು ಒಮ್ಮೆ ಚಾರ್ಜ್ ಮಾಡಿದ ಆ ಕ್ಷಣದಲ್ಲಿ ದೋಷವಿರುವ ಕಡೆ ಕಿಡಿ ಕಾಣುತ್ತದೆ, ಇಲ್ಲವೇ ಚಟ್ ಎಂಬ ಸದ್ದು ಕೇಳುತ್ತದೆ. ಅವರು ಕಂಬದ ಹತ್ತಿರ ನಿಲ್ಲದೆ ತಗ್ಗಿನಲ್ಲಿ, ತೋಟದ ಅಂಚಿನಲ್ಲಿ, ಆರೇಳು ಕಂಬಗಳು ಒಟ್ಟಿಗೆ ಕಾಣುವ ಜಾಗ ಹುಡುಕಿ ನಿಲ್ಲುತ್ತಿದ್ದರು. ಯಾವ ತಿರುವಿನಲ್ಲಿ ನಿಂತರೆ ಎಷ್ಟು ಕಂಬ ಕಾಣುತ್ತವೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಕೆಲಸದ ಶಿಸ್ತಿನಲ್ಲಿ ಅವರು ಕಠಿಣರು. ಎಲ್‌ಸಿ ಸಿಕ್ಕಿದ ಮೇಲೂ ತಂತಿಯನ್ನು ನೆಲಕ್ಕೆ ಜೋಡಿಸುವ ಡಿಸ್ಚಾರ್ಜ್ ರಾಡ್ ಹಾಕದೆ ಯಾರೂ ತಂತಿ ಮುಟ್ಟುವಂತಿರಲಿಲ್ಲ. ಮೊದಲು ಕ್ಲ್ಯಾಂಪನ್ನು ಅರ್ಥಿಗೆ ಬಿಗಿಯಬೇಕು, ಆಮೇಲೆ ರಾಡನ್ನು ತಂತಿಗೆ ಸಿಕ್ಕಿಸಬೇಕು. ತೆಗೆಯುವಾಗ ತಂತಿಯಿಂದ ಮೊದಲು, ಅರ್ಥಿನಿಂದ ಕೊನೆಗೆ. ಯಾರದೋ ಮನೆಯ ಅಥವಾ ಅಂಗಡಿಯ ಜನರೇಟರಿನಿಂದ ಹಿಮ್ಮುಖವಾಗಿ ವಿದ್ಯುತ್ ಬರುವ ಅಪಾಯವನ್ನು ನಮಗಿಂತ ಮೊದಲೇ ಎಚ್ಚರಿಸಿದವರು ಅವರು. ಅವರ ಗ್ಯಾಂಗಿನ ಹುಡುಗರಲ್ಲಿ ಒಬ್ಬರಿಗೂ ವಿದ್ಯುತ್ ಆಘಾತವಾಗದಂತೆ ನಿವೃತ್ತರಾದದ್ದು ಅವರ ದೊಡ್ಡ ಹೆಮ್ಮೆ, ನನಗೂ ಅದೇ. ಅವರ ಸೇವಾ ಪುಸ್ತಕದಲ್ಲಿ ಇದಕ್ಕೊಂದು ಸಾಲಿಲ್ಲ, ಏಕೆಂದರೆ ಆಗದೆ ಹೋದ ಅಪಘಾತವನ್ನು ದಾಖಲಿಸುವ ಕಲಂ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಮೂರನೆಯವರು ಕಂದಾಯ ಶಾಖೆಯ ಸಹಾಯಕಿ. ಲೈನ್‌ಮನ್ ಆಗಿದ್ದ ಪತಿ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಬಂದವರು; ಇಬ್ಬರು ಮಕ್ಕಳನ್ನು ಓದಿಸಿ, ಕೆಲಸದ ಜೊತೆಯಲ್ಲೇ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿಕೊಂಡರು. ಕಂಪ್ಯೂಟರ್ ಬರುವ ಮೊದಲು ಪ್ರತಿ ಗ್ರಾಹಕರ ಆರ್‌ಆರ್ ನಂಬರಿಗೂ (ಸಂಪರ್ಕದ ಸಂಖ್ಯೆಗೂ) ಲೆಡ್ಜರಿನಲ್ಲಿ ಒಂದೊಂದು ಪುಟ. ರೀಡಿಂಗ್, ಬೇಡಿಕೆ, ವಸೂಲಿ, ಬಾಕಿ ಎಲ್ಲವೂ ಕೈಬರಹ. ಬಡವರ ಮನೆಗಳಿಗಾಗಿ ಇದ್ದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದು ಬಲ್ಬಿನ ಸಂಪರ್ಕ ಪಡೆದ ಮನೆಗಳ ಲೆಡ್ಜರ್ ಅವರ ಮೇಜಿನಲ್ಲಿತ್ತು. ಕಾಗದ ಓದಲಾರದ ಮುದುಕಿಯರು ಬಿಲ್ ಹಿಡಿದು ಬಂದರೆ ಅವರು ಕುರ್ಚಿ ಎಳೆದು ಕೂರಿಸಿ, ಲೆಡ್ಜರ್ ತಿರುಗಿಸಿ ತೋರಿಸಿ, “ನೋಡಿ ಅಜ್ಜಿ, ಹೋದ ತಿಂಗಳು ಕಟ್ಟಿದ್ದು ಇಲ್ಲಿ ಬಂದಿದೆ” ಎಂದು ಬೆರಳಿಟ್ಟು ಹೇಳುತ್ತಿದ್ದರು. ಮನೆಯ ಯಜಮಾನರು ಸತ್ತು ಎಷ್ಟೋ ವರ್ಷವಾದರೂ ಬಿಲ್ ಮಾತ್ರ ಅವರ ಹೆಸರಿಗೇ ಬರುವುದು ನಮ್ಮಲ್ಲಿ ಸಾಮಾನ್ಯ. ಹೆಸರು ಬದಲಾವಣೆಗೆ ಯಾವ ಯಾವ ಕಾಗದ ಬೇಕೆಂದು ಕೇಳಲು ಬಂದವರನ್ನು ಈ ಅಮ್ಮ ಎಂದೂ ‘ನಾಳೆ ಬನ್ನಿ’ ಎಂದು ಕಳಿಸಿದ್ದನ್ನು ನಾನು ನೋಡಿಲ್ಲ. ಅವರು ಹೋದದ್ದು ಕೊರೋನಾದ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ. ನಾವು ಯಾರೂ ಹೋಗಲಾಗಲಿಲ್ಲ. ಆ ನೋವು ನನ್ನನ್ನು ಬಿಟ್ಟಿಲ್ಲ.

ಇವರ ಹಾಗೆ ಇನ್ನೂ ಎಷ್ಟೋ ಜನ: ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿಯವರು, ಸ್ಟೋರ್ ಕೀಪರ್, ಜೀಪಿನ ಚಾಲಕರು, ರಾತ್ರಿಯಿಡೀ ದೂರು ಬರೆದುಕೊಳ್ಳುತ್ತಿದ್ದವರು. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಲು ಹೋದಾಗ ಭೇಟಿಯಾಗುತ್ತಿದ್ದವರ ಗುಂಪು ಪ್ರತಿ ವರ್ಷ ಸಣ್ಣದಾಗುತ್ತಿದೆ. ಈಗ ನಾನು ಯಾರ ಮನೆಗೆ ಮಾತನಾಡಿಸಲು ಹೋದರೂ ಕುಟುಂಬ ಪಿಂಚಣಿಯ ಕಾಗದಗಳು ಸರಿಯಾಗಿವೆಯೇ ಎಂದು ವಿಚಾರಿಸಿದ ಮೇಲೆ, ತೀರಿಕೊಂಡವರು ಬರೆದಿಟ್ಟ ಹಳೆಯ ಡೈರಿ, ನೋಟ್‌ಬುಕ್ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಬಹುಪಾಲು ಮನೆಗಳಲ್ಲಿ ಅವು ರದ್ದಿಗೆ ಹೋಗಿರುತ್ತವೆ. ಮೆಸ್ತ್ರಿಯ ಮಗ ಮಾತ್ರ ತಂದೆಯ ಒಂದು ಡೈರಿಯನ್ನು ಜೋಪಾನವಾಗಿಟ್ಟಿದ್ದರು. ನಾಲ್ಕನೇ ತರಗತಿಯ ದಪ್ಪಕ್ಷರದಲ್ಲಿ ಒಂದು 11 ಕೆ.ವಿ. ಫೀಡರಿನ ಪೂರ್ತಿ ದಾರಿ ಅದರಲ್ಲಿದೆ. ಯಾವ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ, ಯಾವ ಹಲಸಿನ ಮರದ ಕೊಂಬೆಯನ್ನು ಮೇ ತಿಂಗಳಲ್ಲೇ ಕಡಿಯಬೇಕು, ಕತ್ತಲಲ್ಲಿ ಯಾವ ಮನೆಯವರು ದೋಣಿ ಕೊಡುತ್ತಾರೆ ಎಂಬುದನ್ನೆಲ್ಲ ಬರೆದಿದ್ದಾರೆ. ಅದರ ನಕಲು ಪ್ರತಿಯನ್ನು ಈಗ ಆ ಸೆಕ್ಷನ್ನಿನಲ್ಲಿರುವ ಕಿರಿಯ ಪವರ್‌ಮ್ಯಾನ್ ಕೇಳಿ ಪಡೆದುಕೊಂಡರು. ಆ ಫೀಡರ್ ಹೆಚ್ಚಿನ ಕಡೆ ಇಂದಿಗೂ ಅದೇ ದಾರಿಯಲ್ಲಿ ಹೋಗುತ್ತದೆ. ಬದಲಾದ ಕಡೆಗಳನ್ನು ಆ ಸೆಕ್ಷನ್ನಿನ ಹುಡುಗರು ನೋಡಿ ಬಂದು ಹೇಳುತ್ತಾರೆ, ನಾನು ಡೈರಿಯ ನಕಲಿನಲ್ಲಿ ಪೆನ್ಸಿಲಿನಿಂದ ತಿದ್ದುತ್ತಿದ್ದೇನೆ.