ಆ ಹಳೇ ಸಿನಿಮಾದಲ್ಲಿ ಈಗ ನೋಡೋಕೆ ಏನಿದೆ?

"ಕೂದಲೆಳೆಯೂ ಕಾಣುವಷ್ಟು ಚಂದದ ವನ್ಯಜೀವಿ ಚಿತ್ರಗಳಿವೆ, ನೀನು ಆ 1959ರದ್ದನ್ನೇ ಯಾಕೆ ಮತ್ತೆ ಹಾಕ್ತೀಯ?" ಸ್ನೇಹಿತರೆಲ್ಲ ಕೇಳಿ ಆಗಿದೆ. ಅವರು ಹೇಳುತ್ತಿರುವುದು 'ಸೆರೆಂಗೆಟಿ ಸಾಯಬಾರದು' ಚಿತ್ರದ ಬಗ್ಗೆ. ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬರ್ನ್‌ಹಾರ್ಡ್ ಗ್ಜಿಮೆಕ್ ಮತ್ತು ಅವರ ಮಗ ಮೈಕೆಲ್ ಸೇರಿ ಮಾಡಿದ್ದು. ಆಸ್ಕರ್ ಕೂಡ ಬಂತು.

ನನಗೆ ಬೇಕಾಗಿರುವುದು ಅದರ ಹಿಂದಿನ ಲೆಕ್ಕ. ಪೂರ್ವ ಆಫ್ರಿಕಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಗಡಿ ಬದಲಿಸುವ ಯೋಜನೆ ಇತ್ತು, ಆದರೆ ಹಿಂಡುಗಳು ವರ್ಷವಿಡೀ ಎಲ್ಲೆಲ್ಲಿ ಅಲೆಯುತ್ತವೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ-ಮಗ ಪುಟ್ಟ ವಿಮಾನಕ್ಕೆ ಜೀಬ್ರಾ ಪಟ್ಟೆ ಬಳಿದುಕೊಂಡು ಹುಲ್ಲುಗಾವಲಿನ ಮೇಲೆ ಹಾರಿದರು, ತಲೆ ಎಣಿಸಿದರು, ಕೆಲವು ಪ್ರಾಣಿಗಳನ್ನು ಹಿಡಿದು ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿದರು. ಎಣಿಕೆಗೆ ಸಿಕ್ಕ ವೈಲ್ಡ್‌ಬೀಸ್ಟ್, ಅಂದರೆ ಹಿಂಡಾಗಿ ಅಲೆಯುವ ಆ ದೊಡ್ಡ ಹುಲ್ಲೆಗಳು, 99,481. ಸುಮಾರು ಒಂದು ಲಕ್ಷ ಅಂದುಬಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಆ ಕೊನೆಯ 81 ನನಗೆ ತುಂಬಾ ಇಷ್ಟ.

ಚಿತ್ರದ ತುಂಬ ಇವೆಲ್ಲ ಮುಗಿದೇಹೋಗುತ್ತವೆ ಎಂಬ ಭಯ. ಆದರೆ ಇಂದು ಅಲ್ಲಿ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳಿವೆ! ಎಳೆಯ ಕರುಗಳನ್ನು ಕೊಲ್ಲುತ್ತಿದ್ದುದು ರಿಂಡರ್‌ಪೆಸ್ಟ್, ದನಗಳಿಂದ ತಗಲುವ ಪಿಡುಗು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ 1960ರ ದಶಕದ ಆರಂಭದಲ್ಲಿ ಅದು ಕಾಡುಪ್ರಾಣಿಗಳಲ್ಲೂ ನಿಂತಿತು, ಹಿಂಡು ಏರುತ್ತಾ ಹೋಯಿತು. ಅಷ್ಟೊಂದು ಬಾಯಿ ಹುಲ್ಲು ಮೇಯ್ದದ್ದಕ್ಕೆ ಕಾಳ್ಗಿಚ್ಚಿಗೆ ಉರಿಯಲು ಒಣಹುಲ್ಲೇ ಕಡಿಮೆಯಾಯಿತು, ಮರಗಳು ಹೆಚ್ಚಿದವು.

ಹಾಗಾಗಿ ಮಸಾಯಿ ದನಗಾಹಿಗಳನ್ನು ತೋರಿಸುವ ಕಡೆಗಳಲ್ಲಿ ನನಗೆ ಈಗ ಇರುಸುಮುರುಸು. ಅವರ ದನಗಳಿಗೆ ಅಲ್ಲಿ ಜಾಗವಿಲ್ಲ ಎಂಬುದೇ ಚಿತ್ರದ ನಿಲುವು. ಚಿತ್ರ ಬಂದ ವರ್ಷವೇ ಅವರನ್ನು ಉದ್ಯಾನದಿಂದ ಪಕ್ಕದ ಗೊರೊಂಗೊರೊ ಕಡೆಗೆ ಸಾಗಹಾಕಿದರು. ಹಿಂಡನ್ನು ಉಳಿಸಿದ ಸೂಜಿ ಚುಚ್ಚಿದ್ದು ಮಾತ್ರ ದನಗಳಿಗೇ.

ಮೈಕೆಲ್ ಚಿತ್ರ ತೆರೆಗೆ ಬರುವ ಮೊದಲೇ, 1959ರ ಜನವರಿಯಲ್ಲಿ ಹೋದರು. ಇಪ್ಪತ್ತನಾಲ್ಕು ವಯಸ್ಸು. ಹಾರುತ್ತಿದ್ದ ರಣಹದ್ದೊಂದು ಆ ಪಟ್ಟೆ ವಿಮಾನದ ರೆಕ್ಕೆಗೆ ಬಡಿದು ವಿಮಾನ ನೆಲಕ್ಕಪ್ಪಳಿಸಿತು. ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಮಣ್ಣು ಮಾಡಿದರು. 1987ರಲ್ಲಿ ತೀರಿಕೊಂಡ ಅಪ್ಪನ ಚಿತಾಭಸ್ಮವೂ ಮಗನ ಪಕ್ಕದಲ್ಲೇ ಇದೆ.

ಇದು ಗೊತ್ತಾದ ಮೇಲೆ ಹಾರಾಟದ ದೃಶ್ಯಗಳನ್ನು ಮೊದಲಿನ ಹಾಗೆ ನೋಡಲಾಗುತ್ತಿಲ್ಲ. ಕೆಳಗೆ ಸಾವಿರಾರು ಪ್ರಾಣಿಗಳು ಓಡುತ್ತಿದ್ದರೂ ನನ್ನ ಕಣ್ಣು ಆಕಾಶದಲ್ಲಿ ಹಕ್ಕಿ ಹುಡುಕುತ್ತಿರುತ್ತದೆ.