ಬಲೂನು, ಮೈಕು, ಹೆರಾಲ್ಡ್ ಅಗ್ನ್ಯೂ: ಮೂರನೆಯ ವಾರದ ಪ್ರಗತಿ

ಭೌತವಿಜ್ಞಾನಿ ಹೆರಾಲ್ಡ್ ಅಗ್ನ್ಯೂ ಅವರ ವೃತ್ತಿಜೀವನವನ್ನು ಉಪಕರಣಗಳ ಮೂಲಕವೇ ಹೇಳುವ ಪುಟ್ಟ ಪ್ರದರ್ಶನವೊಂದನ್ನು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಭೌತವಿಜ್ಞಾನಿ ಎನ್ರಿಕೋ ಫರ್ಮಿಯವರ ಪರಮಾಣು ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ (ಒಂದು ಪರಮಾಣು ಒಡೆದು ಮುಂದಿನವನ್ನು ಒಡೆಯುತ್ತ ಹೋಗುವುದು) ಆರಂಭವಾದಾಗ ಇಪ್ಪತ್ತೊಂದರ ಹರೆಯದ ಅಗ್ನ್ಯೂ ಅಲ್ಲೇ ಇದ್ದರು ಎಂಬುದನ್ನು ಹೇಳುವ ಮೊದಲ ಫಲಕ ಮುಗಿದಿದೆ.

ಈ ವಾರದ ಕೆಲಸವೆಲ್ಲ 1945ರ ಆಗಸ್ಟ್ 6ರದು. ಅಂದು ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಜೊತೆ ಹಾರಿದ 'ಗ್ರೇಟ್ ಆರ್ಟಿಸ್ಟ್' ಎಂಬ ಬಿ-29 ವಿಮಾನದಲ್ಲಿ ಅಗ್ನ್ಯೂ ಹಾಗೂ ಅವರ ಜೊತೆಗಾರ ವಿಜ್ಞಾನಿಗಳಾದ ಲೂಯಿಸ್ ಆಲ್ವಾರೆಜ್ ಮತ್ತು ಲಾರೆನ್ಸ್ ಜಾನ್‌ಸ್ಟನ್ ಇದ್ದರು. ಪ್ಯಾರಾಶೂಟ್ ಕಟ್ಟಿ ಇಳಿಬಿಟ್ಟ ಡಬ್ಬಿಗಳೊಳಗಿನ ಮೈಕುಗಳು ಸ್ಫೋಟದ ಒತ್ತಡವನ್ನು ಗ್ರಹಿಸಿ ರೇಡಿಯೋ ಮೂಲಕ ವಿಮಾನಕ್ಕೆ ಕಳುಹಿಸಿದವು. ಒತ್ತಡದ ಏರಿಳಿತ ತೋರಿಸುವ ಆ ಗೆರೆಯಿಂದ ಬಾಂಬಿನ ಬಲವನ್ನು ಲೆಕ್ಕಹಾಕಬೇಕಿತ್ತು. ವಿಮಾನಕ್ಕೂ ಎರಡು ಪೆಟ್ಟು ಬಿದ್ದವು: ಮೊದಲನೆಯದು ನೇರವಾಗಿ ಬಂದ ಅಲೆ, ಎರಡನೆಯದು ನೆಲಕ್ಕೆ ಬಡಿದು ಮರಳಿದ್ದು.

ಆ ಎರಡು ಪೆಟ್ಟುಗಳನ್ನು ಬಲೂನು ಒಡೆದು ತೋರಿಸಲು ಹೊರಟೆ. ಮನೆಯ ನಡುಕೋಣೆಯಲ್ಲಿ ಗೋಡೆಗಳ ಪ್ರತಿಧ್ವನಿಯೆಲ್ಲ ಸೇರಿ ಆಸಿಲೋಸ್ಕೋಪಿನ (ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಉಪಕರಣ) ಪರದೆ ಬರೀ ಗೋಜಲಾಯಿತು. ಸಾಲದ್ದಕ್ಕೆ ಆಂಪ್ಲಿಫೈಯರಿನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಾಗಿ ಗೆರೆಯ ತುದಿಯೇ ಕತ್ತರಿಸಿಹೋಗಿತ್ತು. ಗೇನ್ ತಗ್ಗಿಸಿ, ತಾರಸಿಗೆ ಹೋಗಿ, ಬಲೂನು ಮತ್ತು ಮೈಕು ಎರಡನ್ನೂ ನೆಲದಿಂದ 2 ಮೀಟರ್ ಎತ್ತರದಲ್ಲಿ, 3 ಮೀಟರ್ ಅಂತರದಲ್ಲಿ ಕಟ್ಟಿದೆ. ನೇರ ದಾರಿ 3 ಮೀಟರ್, ನೆಲ ಮುಟ್ಟಿ ಬರುವ ದಾರಿ 5 ಮೀಟರ್. ಉಳಿದ 2 ಮೀಟರಿಗೆ ಶಬ್ದಕ್ಕೆ ಸುಮಾರು 6 ಮಿಲಿಸೆಕೆಂಡ್ ಬೇಕು. ನಾಲ್ಕನೆಯ ಬಲೂನಿಗೆ ಪರದೆಯ ಮೇಲೆ ಎರಡು ಶಿಖರಗಳು ಬೇರೆಬೇರೆಯಾಗಿ ಮೂಡಿದವು, ಅಂತರ ಹೆಚ್ಚೂಕಡಿಮೆ ಅಷ್ಟೇ. ಸಂತೋಷವಾಯಿತು, ಆದರೆ ಕೆಳಗಿದ್ದ ಊರಿನ ಬಗ್ಗೆ ಈ ಗೆರೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಅದರ ಪಕ್ಕದಲ್ಲೇ ಹಿರೋಶಿಮಾದ ಚಿತ್ರವೊಂದನ್ನು ಇಡಲು ತೀರ್ಮಾನಿಸಿದ್ದೇನೆ.

ಯುದ್ಧಾನಂತರದ ಭಾಗಕ್ಕೆ ಒಂದೇ ಫಲಕ ಸಾಕು. ಫರ್ಮಿಯವರ ಬಳಿ 1949ರಲ್ಲಿ ಡಾಕ್ಟರೇಟ್, ಮರಳಿ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯವಾದ ಲಾಸ್ ಅಲಾಮೋಸ್, 1970ರಿಂದ 1979ರವರೆಗೆ ಅಲ್ಲಿನ ನಿರ್ದೇಶಕ ಹುದ್ದೆ. ನನ್ನ ಮಟ್ಟಿಗೆ ಇದರಲ್ಲಿ ಬೆಲೆಬಾಳುವ ಸಂಗತಿ ಬೀಗದ್ದು. ಯುರೋಪಿನಲ್ಲಿ ನ್ಯಾಟೋ ಸೇನಾ ಒಕ್ಕೂಟದ ನೆಲೆಯೊಂದರಲ್ಲಿ ಅಣುಬಾಂಬು ಹೊತ್ತ ವಿಮಾನಗಳನ್ನು ಬಂದೂಕು ಹಿಡಿದ ಒಬ್ಬನೇ ಅಮೆರಿಕನ್ ಯೋಧ ಕಾಯುತ್ತಿದ್ದುದನ್ನು ಕಂಡು ಗಾಬರಿಗೊಂಡ ಅಗ್ನ್ಯೂ, ಸರಿಯಾದ ಗುಪ್ತ ಸಂಖ್ಯೆ ಹಾಕದೆ ಬಾಂಬು ಸಜ್ಜಾಗದಂತಹ ಬೀಗಕ್ಕಾಗಿ ಒತ್ತಾಯಿಸಿದರು. 1962ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅದಕ್ಕೆ ಆದೇಶ ಹೊರಡಿಸಿದರು. ಆ ಫಲಕಕ್ಕೆಂದು ಸೂಟ್‌ಕೇಸಿನ ನಂಬರ್ ಬೀಗವೊಂದನ್ನು ಬಿಚ್ಚಿಟ್ಟಿದ್ದೇನೆ. ಅದರ ಸ್ಪ್ರಿಂಗ್ ಇನ್ನೂ ಸಿಕ್ಕಿಲ್ಲ.