ಹಳೆ ಡೆಸ್ಕ್‌ಟಾಪ್ ರಿಪೇರಿ: ಪವರ್ ಮುಗಿಯಿತು, ಪ್ರಿಂಟರ್ ಮುಕ್ಕಾಲು ಪಾಲು

ಸದ್ಯದ ಸ್ಥಿತಿ ಇದು: ಬಟನ್ ಒತ್ತಿದರೆ ಕಂಪ್ಯೂಟರ್ ಆನ್ ಆಗುತ್ತದೆ, ಕೆಲಸದ ಮಧ್ಯೆ ಕೈಕೊಡುವುದಿಲ್ಲ, ಪ್ರಿಂಟ್ ಕೂಡ ಬರುತ್ತಿದೆ. ಸ್ಲೀಪ್‌ನಿಂದ ಎದ್ದಾಗ ಮಾತ್ರ ಪ್ರಿಂಟರ್ ಇನ್ನೂ ಮುನಿಸಿಕೊಳ್ಳುತ್ತಿದೆ.

ಶುರುವಿನಲ್ಲಿ ಇದ್ದ ತೊಂದರೆಗಳು: ಒಂದೊಂದು ಸಲ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಆನ್ ಆದರೂ ಯಾವಾಗಲೋ ದಿಢೀರ್ ಅಂತ ರೀಸ್ಟಾರ್ಟ್. ಪ್ರಿಂಟರ್ ಅಂತೂ ಯಾವಾಗ ನೋಡಿದರೂ ಆಫ್‌ಲೈನ್.

ಪವರ್

ಮೊದಲು ಬಟನ್ ಮೇಲೇ ಅನುಮಾನ. ಮದರ್‌ಬೋರ್ಡಿನಿಂದ ಪವರ್ ಸ್ವಿಚ್ಚಿನ ವೈರ್ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಅದೇ ಅರ್ಧ ಸುತ್ತು. ಹಾಗಾದರೆ ಬಟನ್ ಸರಿ ಇದೆ. ಡ್ರೈವ್‌ಗಳನ್ನೆಲ್ಲ ಬಿಚ್ಚಿ, ಒಂದೇ ರ‍್ಯಾಮ್ ಇಟ್ಟು ನೋಡಿದೆ, ಆಗಲೂ ಅಷ್ಟೇ.

ಆಮೇಲೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬ. ಪ್ಲಗ್ ಕಿತ್ತು, 24 ಪಿನ್ನಿನ ಕನೆಕ್ಟರ್ ಬಿಚ್ಚಿ, ಅದರ ಹಸಿರು ವೈರನ್ನೂ ಒಂದು ಕಪ್ಪು ವೈರನ್ನೂ ಪೇಪರ್ ಕ್ಲಿಪ್ಪಿನಿಂದ ಸೇರಿಸಿ ಮತ್ತೆ ಪ್ಲಗ್ ಹಾಕಿದರೆ ಬೋರ್ಡಿಲ್ಲದೆಯೂ ಅದು ಆನ್ ಆಗುತ್ತದೆ. ಆಯಿತು, ಫ್ಯಾನ್ ಚೆನ್ನಾಗಿ ತಿರುಗಿತು. ಹೆಚ್ಚಿನವರು ಇಲ್ಲಿಗೇ 'ಎಸ್‌ಎಂಪಿಎಸ್ ಓಕೆ' ಅಂತ ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಲೋಡ್, ಅಂದರೆ ಕರೆಂಟ್ ಎಳೆಯುವ ಕೆಲಸ, ಇಲ್ಲದಾಗ ಕೆಟ್ಟ ಎಸ್‌ಎಂಪಿಎಸ್ ಕೂಡ ಒಳ್ಳೆಯ ಹುಡುಗನ ಹಾಗೇ ಇರಬಹುದು, ಅಲ್ವಾ? ಅದಕ್ಕೇ ಬೋರ್ಡಿಗೆ ಮತ್ತೆ ಜೋಡಿಸಿ, ಆನ್ ಆದ ಒಂದು ಸಲ ಹಿಡಿದು, ಕನೆಕ್ಟರಿನ ಹಿಂಬದಿಯಿಂದ ಮಲ್ಟಿಮೀಟರ್ ಕಡ್ಡಿ ತೂರಿಸಿ ಅಳೆದೆ. ಕೆಂಪು ವೈರ್ 5 ವೋಲ್ಟ್ ಸರಿ, ಕಿತ್ತಳೆ 3.3 ಸರಿ. ಹಳದಿಯಲ್ಲಿ 12 ಇರಬೇಕು, ಶೇಕಡಾ 5 ಆಚೀಚೆ ಆಗಬಹುದು, ಅಂದರೆ 11.4ರಿಂದ 12.6ರ ಒಳಗೆ. ಮೊದಲು 11.8 ತೋರಿಸಿತು, ಪ್ರೊಸೆಸರಿಗೆ ಒಂದಿಷ್ಟು ಕೆಲಸ ಕೊಟ್ಟ ಕೂಡಲೇ 11.2ಕ್ಕೆ ಇಳಿಯಿತು, ಸ್ಕ್ರೀನ್ ಕಪ್ಪಾಯಿತು. ಸಿಕ್ಕಿಬಿತ್ತು!

ಗಾಳಿ ಹೋಗುವ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಎರಡು ಕೆಪಾಸಿಟರ್‌ಗಳ (ಚಾರ್ಜ್ ಹಿಡಿದಿಡುವ ಪುಟ್ಟ ಡಬ್ಬಿಗಳು) ತಲೆ ಉಬ್ಬಿತ್ತು, ಅಂದರೆ ಅವು ಕೆಟ್ಟಿವೆ. ಡಬ್ಬ ಬಿಚ್ಚಲು ಹೋಗಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವಕ್ಕೆ ಅಪಾಯ ಮಾಡುವಷ್ಟು ಚಾರ್ಜ್ ಉಳಿದಿರಬಹುದು, ಅದು ಸುಮ್ನೆ ಕೈ ಹಾಕುವ ಜಾಗ ಅಲ್ಲ. ಹೊಸ ಎಸ್‌ಎಂಪಿಎಸ್ ಹಾಕಿದೆ, ಅರ್ಧ ಸುತ್ತಿನ ಕಥೆ ಮುಗಿಯಿತು. ಗಡಿಯಾರ ಹಳೆ ತಾರೀಕಿಗೆ ಹೋಗುತ್ತಿತ್ತು, ಜೊತೆಯಲ್ಲೇ ಬೋರ್ಡಿನಲ್ಲಿ ಗಡಿಯಾರ ನಡೆಸುವ ಸಿಆರ್2032 ಸೆಲ್ ಕೂಡ ಬದಲಾಯಿಸಿದೆ.

ಆದರೂ ರೀಸ್ಟಾರ್ಟ್

ಎಸ್‌ಎಂಪಿಎಸ್ ಹೊಸದು, ಆದರೂ ಅಪರೂಪಕ್ಕೊಮ್ಮೆ ರೀಸ್ಟಾರ್ಟ್ ಆಗುತ್ತಲೇ ಇತ್ತು. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್-ಪವರ್ 41' ಅನ್ನುವ ದಾಖಲೆ. ನೋಡಿದರೆ ದೊಡ್ಡ ಸುಳಿವಿನ ಹಾಗೆ ಕಾಣುತ್ತದೆ, ಆದರೆ ಅದು ಹೇಳುವುದು 'ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ' ಅಂತ ಮಾತ್ರ. ಅದು ನನಗೂ ಗೊತ್ತು. ಕೆಲಸಕ್ಕೆ ಬಂದದ್ದು ಸಮಯ. ಪ್ರತಿ 41ರ ಸಮಯಕ್ಕೂ ಸ್ವಲ್ಪ ಮುಂಚೆ ಏನೋ ಒಂದು ಪ್ರಿಂಟ್ ಕೊಟ್ಟಿದ್ದೆ.

ಕಂಪ್ಯೂಟರ್, ಪ್ರಿಂಟರ್ ಎರಡೂ ಒಂದೇ ಯುಪಿಎಸ್ಸಿನಲ್ಲಿದ್ದವು. ಬೇಕೆಂದೇ ಒಂದು ಪುಟ ಪ್ರಿಂಟ್ ಕೊಟ್ಟು ಕಿವಿಗೊಟ್ಟು ಕೂತೆ. ಪ್ರಿಂಟರ್ ಗುಂಯ್ ಅಂತು, ಯುಪಿಎಸ್ಸಿನೊಳಗೆ ರಿಲೇ (ತಾನೇ ಬದಲಾಗುವ ಸ್ವಿಚ್) ಟಿಕ್ ಅಂತು, ಒಂದು ಬೀಪ್, ಮಾನಿಟರ್ ಕತ್ತಲು. ಇದು ಲೇಸರ್ ಪ್ರಿಂಟರ್. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಒಳಗೆ ಫ್ಯೂಸರ್ ಹೀಟರ್ ಇದೆ, ಅದು ಬಿಸಿಯಾಗುವ ಹೊತ್ತಿಗೆ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಮನೆಬಳಕೆಯ ಚಿಕ್ಕ ಯುಪಿಎಸ್ ಅದನ್ನು ತಾಳಿಕೊಳ್ಳುವುದಿಲ್ಲ, ಹಾಗಾಗಿ ಲೇಸರ್ ಪ್ರಿಂಟರನ್ನು ಯುಪಿಎಸ್ಸಿನ ಬ್ಯಾಟರಿ ಸಾಕೆಟ್ಟಿಗೆ ಹಾಕಬಾರದು. ಪ್ರಿಂಟರಿನ ಪ್ಲಗ್ ಕಿತ್ತು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದೆ, ಎಕ್ಸ್‌ಟೆನ್ಷನ್ ಬೋರ್ಡೂ ಬೇಡ ಅಂತ. ಅಲ್ಲಿಂದ ಈಚೆಗೆ 41 ಬಂದಿಲ್ಲ.

ಪ್ರಿಂಟರ್

ಪ್ರಿಂಟ್ ಮಧ್ಯದಲ್ಲಿ ಕಂಪ್ಯೂಟರ್ ಸತ್ತಾಗಲೆಲ್ಲ ಅರ್ಧ ಹೋದ ಫೈಲ್ ಕ್ಯೂನಲ್ಲಿ (ಪ್ರಿಂಟಿಗೆ ಕಾಯುವ ಸಾಲು) ಸಿಕ್ಕಿಕೊಂಡು, ತನ್ನ ಹಿಂದೆ ಕಾಯುತ್ತಿದ್ದದ್ದನ್ನೆಲ್ಲ ತಡೆಹಿಡಿಯುತ್ತಿತ್ತು. ಕ್ಯಾನ್ಸಲ್ ಒತ್ತಿದರೆ 'ಡಿಲೀಟಿಂಗ್' ಅಂತ ತೋರಿಸಿ ಅಲ್ಲೇ ಕೂರುತ್ತದೆ. ವಿಂಡೋಸ್‌ನ ಸರ್ವಿಸಸ್‌ಗೆ ಹೋಗಿ, ಈ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನುವ ಫೋಲ್ಡರ್ ತೆಗೆದು, ಒಳಗಿದ್ದ ಫೈಲ್‌ಗಳನ್ನು ಅಳಿಸಿ (ಫೋಲ್ಡರನ್ನಲ್ಲ), ಸ್ಪೂಲರ್ ಮತ್ತೆ ಶುರು ಮಾಡಿದೆ. ಕ್ಯೂ ಖಾಲಿ.

ಆಫ್‌ಲೈನ್‌ಗೆ ಕಾರಣ ಬೇರೆ. ಕೇಬಲನ್ನು ಯಾವಾಗಲೋ ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದಾಗ ವಿಂಡೋಸ್ ಅದೇ ಪ್ರಿಂಟರನ್ನು 'ಕಾಪಿ 1' ಅಂತ ಇನ್ನೊಂದು ಸಲ ಸೇರಿಸಿಕೊಂಡಿತ್ತು. ವಿಂಡೋಸ್ ಕೊಟ್ಟ ಪೋರ್ಟ್ ಹೆಸರಿನಲ್ಲಿ ಹೇಳುವುದಾದರೆ ಹಳೆಯದು ಯುಎಸ್‌ಬಿ001ರಲ್ಲಿ, ಜೀವ ಇರುವುದು ಯುಎಸ್‌ಬಿ002ರಲ್ಲಿ, ಡಿಫಾಲ್ಟ್ ಮಾತ್ರ ಹಳೆಯದೇ. ಪ್ರಾಪರ್ಟೀಸ್‌ನ ಪೋರ್ಟ್ಸ್ ಟ್ಯಾಬ್‌ನಲ್ಲಿ 002 ಟಿಕ್ ಮಾಡಿ, ಕಾಪಿಯನ್ನು ತೆಗೆದುಹಾಕಿದೆ. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಮುಟ್ಟುವ ಅಗತ್ಯವೇ ಬರಲಿಲ್ಲ. ಏನೇ ಆದರೂ ಮೊದಲು ಡ್ರೈವರ್ ರೀಇನ್‌ಸ್ಟಾಲ್ ಮಾಡುವ ಅಭ್ಯಾಸ ಜಾಸ್ತಿ ಜನಕ್ಕಿದೆ, ನನ್ನ ಪ್ರಕಾರ ಅದು ಕೊನೆಗೆ.

ಬಾಕಿ

ಸ್ಲೀಪ್‌ನಿಂದ ಎದ್ದಾಗ ಪ್ರಿಂಟರ್ ಮತ್ತೆ ಆಫ್‌ಲೈನ್, ಕೇಬಲ್ ಕಿತ್ತು ಹಾಕಿದರೆ ಸರಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಬಳಸದಾಗ ಯುಎಸ್‌ಬಿ ಸಾಧನವನ್ನು ಮಲಗಿಸುವ ವ್ಯವಸ್ಥೆ) ಆಫ್ ಮಾಡಿ ನೋಡುತ್ತಿದ್ದೇನೆ. ಪ್ರಿಂಟರಿನ ಸ್ವಂತ ಸ್ಲೀಪ್ ಟೈಮರನ್ನು ಇನ್ನೂ ಮುಟ್ಟಿಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಅದನ್ನು ಮುಂದಿನ ಸಲ ನೋಡುತ್ತೇನೆ.